ಖಂಡೆನವಮಿಯ ಬಂದೂಕು

ನಮ್ಮ ಗಡಿಭಾಗದಲ್ಲಿ ಖಂಡೆನವಮಿಯಂದು ಆಯುಧಗಳನ್ನು ತೊಳೆದು, ಒರೆಸಿ, ಅರಿಷಿಣ ಕುಂಕುಮವೇರಿಸಿ ಪೂಜಿಸುವುದು ಪರಂಪರಾಗತವಾದುದು. ಕುಡುಗೋಲು, ಕೊಡಲಿ, ಕುಳಗಳ ಸಾಲಿನಲ್ಲಿ ಕೆಲವು ಮನೆಗಳಲ್ಲಿ ಪರವಾನಗಿ ಪಡೆದ ಹನ್ನೆರಡು ಬೋರಿನ ಜೋಡುನಳಿಗೆಯ ಬಂದೂಕೂ ಇರುತ್ತದೆ. ಅಂದು ಅದಕ್ಕೆ ಸಲ್ಲುವ ಮರ್ಯಾದೆ ದೊಡ್ಡದು. ಆದರೆ ಗುಂಡು ಹಾರಿಸಿದ ದಿನವೇ ಅದನ್ನು ಶುಚಿಗೊಳಿಸುವವರು ವಿರಳ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ತಿಕ್ಕಿ ದೇವರ ಕೋಣೆಯಲ್ಲಿಟ್ಟು ತೋಕ್‌ಪೂವಿನಿಂದ ಸಿಂಗರಿಸುತ್ತಾರೆ. ಹಬ್ಬ ಅಲ್ಲಿಯೂ ವರ್ಷಕ್ಕೊಂದೇ. ತುಕ್ಕಿಗೆ ಮಾತ್ರ ಪಂಚಾಂಗವಿಲ್ಲ.

ಅಕ್ಕಲಕೋಟೆಯ ಭೋಸಲೆ ಅರಸರ ಶಸ್ತ್ರಾಗಾರವನ್ನು ನೋಡಿದವರು ಹಳೆಯ ಬಂದೂಕುಗಳ ಮುಂದೆ ನಿಂತೇ ಇರುತ್ತಾರೆ. ಅಂಥ ಬಂದೂಕುಗಳು ನುಂಗುತ್ತಿದ್ದುದು ಕರಿಮದ್ದನ್ನು. ಕರಿಮದ್ದು ಸುಟ್ಟ ಮೇಲೆ ನಳಿಗೆಯಲ್ಲುಳಿಯುವ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನತೊಡಗುತ್ತದೆ. ಆದುದರಿಂದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರದೆ ಗತಿಯಿರಲಿಲ್ಲ. ಇಂದಿನ ಕಾಡತೂಸಿನ ಹೊಗೆರಹಿತ ಮದ್ದು ಅಷ್ಟು ಕ್ರೂರಿಯಲ್ಲ. ಹಾಗೆಂದೇ ಆಲಸ್ಯ ಬೆಳೆದಿದೆ. ಸೊಲ್ಲಾಪುರದ್ದು ಒಣಹವೆ, ತುಕ್ಕೆಲ್ಲಿಂದ ಬರಬೇಕು ಎನ್ನುವವರುಂಟು. ಶ್ರಾವಣದ ತೇವಕ್ಕೂ ಅಂಗೈಯ ಬೆವರಿಗೂ ಆ ವಾದ ತಿಳಿಯದು.

ನಮ್ಮ ತಂದೆಯವರ ರೂಢಿಯನ್ನೇ ನಾನು ಮುಂದುವರಿಸಿದ್ದೇನೆ. ಮೊದಲು ಕಾಡತೂಸಿನ ಪಟ್ಟಿ ಬೇರೆ ಕೋಣೆಗೆ ಹೋಗಿ ಬೀಗ ಬೀಳಬೇಕು. ಬಳಿಕ ನಳಿಗೆಯನ್ನು ಗೋಡೆಯತ್ತ ತಿರುಗಿಸಿ, ಬಾಗಿಸಿ ತೆರೆದು, ಎರಡೂ ಗೂಡುಗಳನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು. ನಡುವೆ ಯಾರಾದರೂ ಕರೆದರೆ, ಮರಳಿ ಬಂದು ಮತ್ತೊಮ್ಮೆ ನೋಡಬೇಕು. ಬಾಲ್ಯದಲ್ಲಿ ಇದು ನನಗೆ ಅತಿರೇಕವೆನಿಸುತ್ತಿತ್ತು. ವಕೀಲಿ ಆರಂಭಿಸಿದ ಮೇಲೆ, “ಸ್ವಚ್ಛ ಮಾಡುವಾಗ ತಾನಾಗಿಯೇ ಹಾರಿತು” ಎಂಬ ಹೇಳಿಕೆಯನ್ನು ಕಾಗದದಲ್ಲಿ ಓದಿದಾಗ ಅದರ ಬೆಲೆ ತಿಳಿಯಿತು. ಖಾಲಿ ಬಂದೂಕು ತಾನಾಗಿ ಹಾರುವುದಿಲ್ಲ. ನಿರ್ಲಕ್ಷ್ಯದಿಂದ ಮರಣವುಂಟಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನನ್ವಯ 5 ವರ್ಷಗಳವರೆಗೆ ಸೆರೆವಾಸವುಂಟು. ಸತ್ತವನು ಬಹುಶಃ ಮನೆಯವನೇ ಆಗಿರುತ್ತಾನೆ.

ಆಮೇಲಿನದು ಸರಳ. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುವುದು. ಕಪಾಟಿನಲ್ಲಿ ಬಹುಕಾಲವಿದ್ದ ಬಂದೂಕಿನೊಳಗೆ ಕುಂಬಾರಹುಳು ಮಣ್ಣಿನ ಗೂಡು ಕಟ್ಟಿರುವುದುಂಟು, ಅದನ್ನು ಕಾಣದೆ ಹಾರಿಸಿದರೆ ನಳಿಗೆಯೇ ಸಿಡಿದೀತು. ಗಜಕ್ಕೆ ಹಿತ್ತಾಳೆಯ ಬುರುಸು ಸಿಕ್ಕಿಸಿ ಹಿಂಬದಿಯಿಂದ ಬಾಯಿಯತ್ತ ಹಾಯಿಸುವುದು, ಅನಂತರ ಅರಿವೆಯ ತುಂಡು ಬೆಳ್ಳಗೆ ಬರುವವರೆಗೆ ಒರೆಸುವುದು, ಕೊನೆಗೆ ಬಂದೂಕಿನ ಎಣ್ಣೆಯ ತೆಳುಲೇಪ. ಎಣ್ಣೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಕುಸುಬಿ ಎಣ್ಣೆ ಕೈಗೆಟಕುವುದು ಸಹಜ, ಭಜಿಗೆ ಅದಕ್ಕಿಂತ ರುಚಿಯಾದುದಿಲ್ಲ. ಆದರೆ ಅದು ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಕುದುರೆಯ ಸಂದಿಗಿಳಿದರೆ ತಿಂಗಳುಗಳಲ್ಲಿ ಕೀಲು ಜಡವಾಗುತ್ತದೆ. ಕೊಬ್ಬರಿ ಎಣ್ಣೆ ಪುಷ್ಯದ ಚಳಿಗೆ ಹೆಪ್ಪುಗಟ್ಟುತ್ತದೆ.

ಈ ಕೆಲಸವನ್ನು ಆಳಿಗೋ ಮಗನಿಗೋ ಒಪ್ಪಿಸಿ ಪೇಟೆಗೆ ಹೋಗುವವರೂ ಇದ್ದಾರೆ. 1959ರ ಶಸ್ತ್ರಾಸ್ತ್ರ ಅಧಿನಿಯಮದ 3ನೆಯ ಕಲಮು ಪರವಾನಗಿಯಿಲ್ಲದವನಿಗೆ ಕೊಡುವ ಸವಲತ್ತು ಬಲು ಇಕ್ಕಟ್ಟಿನದು: ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇರೆಗೆ, ದುರಸ್ತಿ, ನವೀಕರಣ ಇಲ್ಲವೆ ಅವನದೇ ಬಳಕೆಗಾಗಿ ಮಾತ್ರ ಒಯ್ಯಬಹುದು. “ಸಾಹುಕಾರರು ಒರೆಸಿಡಲು ಹೇಳಿದ್ದರು” ಎಂಬ ಬಾಯಿಮಾತು ಆ ಬಡ ಆಳನ್ನು ಕಾಪಾಡಲಾರದು.

ಚುನಾವಣೆ ಬಂದಾಗ ಇನ್ನೊಂದು ಪ್ರಸಂಗ. 2024ರಲ್ಲಿ ಲೋಕಸಭೆಯೂ ವಿಧಾನಸಭೆಯೂ ಒಂದೇ ವರ್ಷ ಬಂದವು. ಠಾಣೆಗೆ ಒಪ್ಪಿಸುವಂತೆ ಆದೇಶ ಬಂದವರು ಹಿಂದಿನ ರಾತ್ರಿಯೇ ಬಂದೂಕನ್ನು ಶುಚಿಗೊಳಿಸಿ, ನಳಿಗೆಯ ಒಳಗೂ ಹೊರಗೂ ತುಸು ದಪ್ಪನಾಗಿಯೇ ಗ್ರೀಸು ಬಳಿಯುವುದೊಳಿತು. ರಸೀದಿಯಲ್ಲಿ ಬಂದೂಕಿನ ಸಂಖ್ಯೆಯ ಜೊತೆಗೆ ಅದರ ಸ್ಥಿತಿಯನ್ನೂ ಬರೆಯಿಸಿಕೊಳ್ಳಬೇಕು. ಮರಳಿ ಪಡೆಯುವ ದಿನ, ನಳಿಗೆಯನ್ನು ಅಲ್ಲಿಯೇ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಸಹಿ. ಹಾರಿಸುವ ಮುನ್ನ ಆ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯುವುದನ್ನೂ ಮರೆಯಬಾರದು.