ನನ್ನ ಪಟ್ಟಿಯಲ್ಲಿ ಮೌರ್ಯರಿಗೆ ನಾಲ್ಕನೇ ಸ್ಥಾನ

ಇಂಟರ್ನಲ್ಸ್ ಮುಗಿದರೆ ಹಾಸ್ಟೆಲ್‌ನಲ್ಲಿ ಒಂದೇ ವಾದ: ‘ಸಿವಿಲೈಸೇಷನ್ 6’ ಗೇಮ್‌ನಲ್ಲಿ ಯಾವ ನಾಗರಿಕತೆ ಬಲಿಷ್ಠ? ಮೊದಲನೆಯದು ಬ್ಯಾಬಿಲೋನ್, ತಕರಾರಿಲ್ಲ. ಕವಣೆಯವನು ಒಬ್ಬ ಶತ್ರುವನ್ನು ಕೊಂದರೆ ಸಾಕು, ಬಿಲ್ವಿದ್ಯೆ ಪೂರ್ತಿ ಕೈಗೆ ಬರುತ್ತದೆ. ಉಳಿದವರಿಗೆ ಅದರಲ್ಲೊಂದು ಪಾಲು ಮಾತ್ರ. ಎರಡು ರಷ್ಯಾ, ಮೂರು ಕೊರಿಯಾ.

ನಾಲ್ಕು, ಚಂದ್ರಗುಪ್ತ ಮೌರ್ಯನ ಭಾರತ. ಗೆಳೆಯರು ನಗುತ್ತಾರೆ. ಗಡಿ ವಿಸ್ತರಣೆಯ ಯುದ್ಧ ಸಾರಿದರೆ ಮೊದಲ 10 ಟರ್ನ್ ಅವನ ಸೈನ್ಯಕ್ಕೆ ಹೆಚ್ಚಿನ ವೇಗ, ಬಲ. ಪಕ್ಕದ ರಾಜ್ಯ ಮುಗಿಸಲು ಅಷ್ಟು ಸಾಕು. ಕಷ್ಟ ಶುರುವಾಗುವುದು ಆಮೇಲೆ. ಗೆದ್ದ ದೂರದ ಊರುಗಳು ನಿಷ್ಠೆ ಕಳೆದುಕೊಂಡು ಬಂಡೇಳುತ್ತವೆ. ತಡೆಯಲು ಗವರ್ನರ್ ಬೇಕು.

ನಿಜವಾದ ಮೌರ್ಯರು ಇದನ್ನು ಹೇಗೆ ನಿಭಾಯಿಸಿದರು ಎಂಬುದು ನಮ್ಮ ಚಳ್ಳಕೆರೆಯ ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬಂಡೆಯ ಮೇಲಿದೆ. ಪಾಟಲಿಪುತ್ರದಿಂದ ನೇರ ಗೆರೆ ಎಳೆದರೂ ಸುಮಾರು 1,500 ಕಿ.ಮೀ. ಬ್ರಹ್ಮಗಿರಿಯ ಆ ಶಾಸನ ಚಂದ್ರಗುಪ್ತನ ಮೊಮ್ಮಗ ಅಶೋಕನದು, 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದರು. ಆಜ್ಞೆ ಇಲ್ಲಿಗೆ ನೇರವಾಗಿ ಬಂದಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ, ಮೊದಲು ಆರೋಗ್ಯ ವಿಚಾರಿಸಿ, ಅದನ್ನು ದಾಟಿಸಿದ್ದಾರೆ. ಥೇಟ್ ಗವರ್ನರ್ ಕೆಲಸ!

ಆದರೆ ಗವರ್ನರ್‌ಗಳಿಂದ ಹೆಚ್ಚುವರಿ ಲಾಭ ಪಡೆಯುವ ವರವನ್ನು ಗೇಮ್ ಕೊಟ್ಟಿರುವುದು ಕೊರಿಯಾದ ರಾಣಿಗೆ. ಅದು ಮೌರ್ಯರಿಗೆ ಸಿಕ್ಕಿದ್ದರೆ ನನ್ನ ಪಟ್ಟಿಯಲ್ಲಿ ಮೂರು, ನಾಲ್ಕು ಅದಲುಬದಲು.