ಆಕಾಶಗಂಗೆಯ ಅಣುಮೇಘಗಳ ಮೋಜಣಿ

ಶರದೃತುವಿನ ಅಮಾವಾಸ್ಯೆಯ ರಾತ್ರಿ ಆಕಾಶಗಂಗೆಯನ್ನು ನೋಡಿದವರು ಅದರ ಬಿಳುಪಿನ ನಡುವೆ ಕಪ್ಪಾದ ಸೀಳುಗಳಿರುವುದನ್ನು ಕಂಡಿರಬಹುದು. ಧೂಳೂ ಅನಿಲವೂ ಕೂಡಿದ ದಟ್ಟವಾದ ಮೇಘಗಳು ಅಲ್ಲಿ ಹಿಂದಿನ ನಕ್ಷತ್ರಗಳನ್ನು ಮರೆಮಾಡಿವೆ. ಹೊಸ ನಕ್ಷತ್ರಗಳು ಜನಿಸುವುದು ಇಂತಹ ಮೇಘಗಳ ಗರ್ಭದಲ್ಲಿಯೇ. ಇವುಗಳಲ್ಲಿನ ಅನಿಲವು ಬಹುಮಟ್ಟಿಗೆ ಅಣುರೂಪದಲ್ಲಿರುವುದರಿಂದ ಇವನ್ನು ಅಣುಮೇಘಗಳೆಂದು ಕರೆಯುವರು. ಇವುಗಳನ್ನು ಅಳೆದ ಕಡತಗಳು ಇಂದು ಯಾರಿಗಾದರೂ ಬೆಲೆಯಿಲ್ಲದೆ ದೊರೆಯುತ್ತವೆ. ಪಂಡಿತರು ಬಳಸುವ ಅವೇ ಕಡತಗಳನ್ನು ನಮ್ಮ ಮೇಲಿನ ತರಗತಿಗಳ ಮಕ್ಕಳೂ ತೆರೆದು ಓದಬಲ್ಲರೆಂಬುದನ್ನು ಇಲ್ಲಿ ತಿಳಿಸಬಯಸುತ್ತೇವೆ.

ಮೇಘದ ಹೆಚ್ಚಿನ ಪಾಲು ಜಲಜನಕದ ಅಣುಗಳು. ಆದರೆ ಸೊನ್ನೆಗಿಂತ ಸುಮಾರು 260 ಡಿಗ್ರಿ ಕೆಳಗಿರುವ ಆ ಚಳಿಯಲ್ಲಿ ಜಲಜನಕದ ಅಣು ನಮಗೆ ಸಿಕ್ಕುವಂತಹ ಯಾವ ಅಲೆಯನ್ನೂ ಸೂಸುವುದಿಲ್ಲ. ಅದರೊಡನೆ ಅತ್ಯಲ್ಪವಾಗಿ ಬೆರೆತಿರುವ ಕಾರ್ಬನ್ ಮಾನಾಕ್ಸೈಡ್ ಮಾತ್ರ 2.6 ಮಿಲಿಮೀಟರ್ ಉದ್ದದ ರೇಡಿಯೋ ಅಲೆಯನ್ನು ಸೂಸುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿದವರ ಪ್ರಾಣಕ್ಕೆ ಎರವಾಗುವ ಅನಿಲವೇ ಇದು! 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆಂಜಿಯಾಸ್ ಎಂಬ ಮೂವರು ಅಮೆರಿಕದ ಕಿಟ್ ಪೀಕ್ ಎಂಬಲ್ಲಿನ ದೂರದರ್ಶಕದಿಂದ ಮಹಾವ್ಯಾಧ ನೀಹಾರಿಕೆಯಲ್ಲಿ ಈ ಅಲೆಯನ್ನು ಮೊದಲು ಗುರುತಿಸಿದರು. ಅಂದಿನಿಂದ ಈ ಅನಿಲವೇ ಜಲಜನಕದ ಪರವಾಗಿ ಸಾಕ್ಷಿ ನುಡಿಯುತ್ತಿದೆ.

ಊರಿನ ಹೊಲಗಳನ್ನು ಸರಪಳಿ ಹಿಡಿದು ಅಳೆದಂತೆ ಆಕಾಶಗಂಗೆಯನ್ನೂ ಅಳೆದದ್ದುಂಟು. ಆ ಕೆಲಸ ಮಾಡಿದ ದೂರದರ್ಶಕದ ಬೋಗುಣಿಯ ಅಗಲ ಕೇವಲ 1.2 ಮೀಟರು, ಎಂದರೆ ನಾಲ್ಕೇ ಅಡಿ. 1970ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ ಆರಂಭಿಸಿದ ಅದು 1986ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ಗೆ ಹೋಯಿತು. ದಕ್ಷಿಣದ ಆಕಾಶಕ್ಕಾಗಿ ಅಂತಹುದೇ ಇನ್ನೊಂದನ್ನು ಚಿಲಿ ದೇಶದ ಸೆರ್ರೊ ಟೊಲೊಲೊ ಬೆಟ್ಟದಲ್ಲಿ ನಿಲ್ಲಿಸಿದರು. ಬೋಗುಣಿ ಚಿಕ್ಕದಾದಷ್ಟೂ ಒಂದು ಸಲಕ್ಕೆ ಕಾಣುವ ಆಕಾಶದ ತುಣುಕು ದೊಡ್ಡದು. ಇಡೀ ಆಕಾಶಗಂಗೆಯನ್ನು ಅಳೆದು ಮುಗಿಸಲು ಸಾಧ್ಯವಾದದ್ದು ಇದರಿಂದಲೇ. ಇಲ್ಲಿ ಆ ತುಣುಕಿನ ಅಗಲ ಹುಣ್ಣಿಮೆಯ ಚಂದ್ರನ ಕಾಲುಭಾಗ. ಇಪ್ಪತ್ತು ವರ್ಷಗಳ ಅಳತೆಗಳನ್ನೆಲ್ಲ ಕೂಡಿಸಿ ಡೇಮ್, ಹಾರ್ಟ್‌ಮನ್, ಥಾಡಿಯಸ್ ಇವರು 2001ರಲ್ಲಿ ಪ್ರಕಟಿಸಿದ ಮೋಜಣಿಯಲ್ಲಿ 4,88,000 ರೋಹಿತಗಳಿವೆ. ಹಾರ್ವರ್ಡ್ ಮತ್ತು ಸ್ಮಿತ್ಸೋನಿಯನ್ ಸಂಸ್ಥೆಗಳ ಖಗೋಳಭೌತ ಕೇಂದ್ರದ ಜಾಲತಾಣದಿಂದ ಅದನ್ನು ಇಳಿಸಿಕೊಳ್ಳಬಹುದು.

ಇಳಿಸಿಕೊಂಡ ಕಡತವು ಛಾಯಾಚಿತ್ರವಲ್ಲ, ಅಂಕಿಗಳ ರಾಶಿ. ಇದರ ರೂಪಕ್ಕೆ ಫಿಟ್ಸ್ ಎಂದು ಹೆಸರು. ತೆರೆಯಲು ಡಿಎಸ್9, ಕಾರ್ಟಾ ಎಂಬ ಉಚಿತ ತಂತ್ರಾಂಶಗಳುಂಟು. ಪೈಥಾನ್ ಬಲ್ಲವರಿಗೆ ಆಸ್ಟ್ರೋಪೈ ಉಂಟು. ಸೂಚನೆಗಳು ಇಂಗ್ಲಿಷಿನಲ್ಲಿವೆಯೆಂದು ನಮ್ಮ ಮಕ್ಕಳು ಹಿಂಜರಿಯಬೇಕಾಗಿಲ್ಲ. ನಿಘಂಟು ಪಕ್ಕದಲ್ಲಿದ್ದರೆ ಹೈಸ್ಕೂಲಿನ ಇಂಗ್ಲಿಷೇ ಸಾಕು. ಮೊದಲು ಓದಬೇಕಾದದ್ದು ಕಡತದ ತಲೆಬರಹ. ಯಾವ ಅಕ್ಷ ಯಾವುದು, ಅಳತೆಯ ಮಾನ ಯಾವುದು ಎಂಬುದೆಲ್ಲ ಅಲ್ಲಿರುತ್ತದೆ. ಅಕ್ಷಗಳು ಮೂರು: ಆಕಾಶಗಂಗೆಯ ರೇಖಾಂಶ, ಅಕ್ಷಾಂಶ, ವೇಗ. ಕೆಲವು ಕಡತಗಳಲ್ಲಿ ವೇಗವೇ ಮೊದಲನೆಯ ಅಕ್ಷವಾಗಿರುವುದರಿಂದ ತಲೆಬರಹ ಓದದೆ ತೆರೆದವರಿಗೆ ಅರ್ಥವಾಗದ ಪಟ್ಟೆಗಳಷ್ಟೇ ಕಾಣುವುವು.

ವೇಗವೆಲ್ಲಿಂದ ಬಂತು? ದೂರ ಸರಿಯುವ ರೈಲಿನ ಸಿಳ್ಳು ಇಳಿದಂತೆ, ದೂರ ಸರಿಯುವ ಮೇಘದ ಅಲೆಯ ಆವೃತ್ತಿಯೂ ಇಳಿಯುತ್ತದೆ. ನಿಶ್ಚಲವಾದ ಅನಿಲದ ಆವೃತ್ತಿ 1,15,271 ಮೆಗಾಹರ್ಟ್ಸ್. ಮಹಾವ್ಯಾಧದ ಅನಿಲದಲ್ಲಿ ಅದು ಸುಮಾರು 3.5 ಮೆಗಾಹರ್ಟ್ಸ್ ಕಡಿಮೆ. ಈ 3.5ನ್ನು 1,15,271ರಿಂದ ಭಾಗಿಸಿ, ಬೆಳಕಿನ ವೇಗವಾದ 3,00,000ದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 9 ಕಿಲೋಮೀಟರು ಬರುತ್ತದೆ. ಭೂಮಿಯ ಚಲನೆಯನ್ನು ಕಡತದಲ್ಲಿ ಮೊದಲೇ ಕಳೆದಿರುತ್ತಾರೆ. ವಿದ್ಯಾರ್ಥಿಗಳು ರೇಖಾಂಶ 209, ಅಕ್ಷಾಂಶ ಋಣ 19ರ ಸುತ್ತಲ ಭಾಗವನ್ನು ತೆಗೆದು, ವೇಗದ ಪದರಗಳನ್ನು ಒಂದೊಂದಾಗಿ ತಿರುವಿ ನೋಡಲಿ. 9ರ ಆಸುಪಾಸಿನಲ್ಲಿ ಮೇಘವು ಮೂಡಿ, ಮುಂದೆ ಮರೆಯಾಗುವುದು. ಪದರಗಳನ್ನೆಲ್ಲ ಕೂಡಿದರೆ ಮೇಘದ ನಕ್ಷೆ ಸಿದ್ಧ.

ಆ ಮೊತ್ತವನ್ನು 2ರ ಮುಂದೆ 20 ಸೊನ್ನೆಗಳಿರುವ ಸಂಖ್ಯೆಯಿಂದ ಗುಣಿಸಿದರೆ, ಒಂದು ಚದರ ಸೆಂಟಿಮೀಟರಿನ ನೇರದಲ್ಲಿರುವ ಜಲಜನಕದ ಅಣುಗಳ ಲೆಕ್ಕ ಸಿಕ್ಕುವುದು. ಆದರೆ ಈ ಗುಣಕದಲ್ಲಿ ನೂರಕ್ಕೆ ಮೂವತ್ತರಷ್ಟು ಸಂಶಯ ಉಳಿದೇ ಇದೆ. ದಶಾಂಶದ ನಾಲ್ಕು ಸ್ಥಾನಗಳವರೆಗೆ ಉತ್ತರ ಬರೆದವರಿಗೆ ನಾವು ಅಂಕ ಕೊಡಲಾರೆವು. ಅಳೆಯದೆ ಬಿಟ್ಟ ಖಾಲಿ ಜಾಗವನ್ನು ಸೊನ್ನೆಯೆಂದು ಓದಬಾರದು. ಆಕಾಶಗಂಗೆಯ ಒಳಭಾಗದಲ್ಲಿ ಒಂದೇ ವೇಗಕ್ಕೆ ಎರಡು ದೂರಗಳು ಹೊಂದುವುದರಿಂದ ದೂರವನ್ನು ಹೇಳುವಾಗಲೂ ಎಚ್ಚರವಿರಬೇಕು. ಕಡತವನ್ನು ಬಳಸಿದವರು ಅಳೆದವರ ಹೆಸರನ್ನು ಬರೆಯತಕ್ಕದ್ದು. ಅವರು ಬಯಸುವ ಪ್ರತಿಫಲ ಅಷ್ಟೇ.

ಅಳೆದಿಟ್ಟ ಕಡತಗಳಲ್ಲಿ ಇನ್ನೇನು ಉಳಿದೀತೆಂದು ಕೆಲವರು ಕೇಳಬಹುದು. 2011ರಲ್ಲಿ ಡೇಮ್ ಮತ್ತು ಥಾಡಿಯಸ್, ಜಲಜನಕ ಪರಮಾಣುವಿನ 21 ಸೆಂಟಿಮೀಟರ್ ಅಲೆಯ ಹಳೆಯ ಮೋಜಣಿಗಳನ್ನು ಮತ್ತೊಮ್ಮೆ ನೋಡುತ್ತ, ಆಕಾಶಗಂಗೆಯ ಕೇಂದ್ರದಿಂದ ಸುಮಾರು 49,000 ಜ್ಯೋತಿರ್ವರ್ಷಗಳಾಚೆ ಅದುವರೆಗೆ ಯಾರೂ ಗುರುತಿಸದಿದ್ದ ಒಂದು ಸುರುಳಿಬಾಹುವನ್ನು ಕಂಡರು. ಅಲ್ಲಿ ಅಣುಮೇಘಗಳೂ ಇವೆಯೇ ಎಂದರಿಯಲು ಆ ನಾಲ್ಕಡಿಯ ಬೋಗುಣಿಯನ್ನೇ 220 ಬಿಂದುಗಳತ್ತ ತಿರುಗಿಸಿದರು. 10 ಕಡೆ ಕಾರ್ಬನ್ ಮಾನಾಕ್ಸೈಡಿನ ಅಲೆ ಸಿಕ್ಕಿತು.