ನೆರಳಿನ ಲೆಕ್ಕದಲ್ಲಿ ಬದುಕುವ ಊರು

ಮೇ ತಿಂಗಳಲ್ಲಿ ಚಾಂದ್‌ಖೇಡಾ ಬೆಳಗಿನ ಐದೂವರೆಗೇ ಬೀದಿಗಿಳಿದಿರುತ್ತದೆ. ಹಳೆಯ ಊರು ಉಳಿದಿರುವ ಗಾಮ್‌ತಳದ ಇಕ್ಕಟ್ಟು ಓಣಿಗಳಲ್ಲಿ ಹೆಂಗಸರು ಮನೆ ಮುಂದಿನ ಜಗಲಿಯ, ಇಲ್ಲಿನವರ ಓಟ್ಲೊ, ಮೇಲೆ ನೀರು ಚಿಮುಕಿಸುತ್ತಾರೆ. ಹಾಲಿನ ಕ್ಯಾನು ಕಟ್ಟಿದ ಬೈಕುಗಳು ಎಮ್ಮೆಗಳ ನಡುವೆ ದಾರಿ ಮಾಡಿಕೊಂಡು ಸಾಗುತ್ತವೆ. ಹಕ್ಕಿಗಳಿಗೆಂದು ಯಾರೋ ಜೋಳ ಚೆಲ್ಲಿ ಹೋಗಿರುತ್ತಾರೆ. ಪಾರಿವಾಳಗಳ ಗುಂಪಿನಲ್ಲಿ ನವಿಲೂ ಒಂದು ಬಂದು ನಿಂತರೆ ಯಾರೂ ಬೆರಗಾಗುವುದಿಲ್ಲ. ರಸ್ತೆಯಾಚೆಯ ಹೊಸ ಸೊಸೈಟಿಗಳಿಂದ ನಡಿಗೆಗೆ ಹೊರಟ ಹಿರಿಯರು, ಬ್ಯಾಟು ಹಿಡಿದ ಹುಡುಗರು. ಅಂಗಳದ ಆಟ, ಹರಟೆ, ವ್ಯಾಯಾಮ, ತರಕಾರಿ ಚೌಕಾಶಿ ಎಲ್ಲ ಎಂಟರೊಳಗೆ ಮುಗಿಯಬೇಕು. ಆಮೇಲೆ ಬೀದಿ ಬಿಸಿಲಿನ ಪಾಲು.

ಅಹಮದಾಬಾದಿನ ಉತ್ತರದ ಅಂಚಿನಲ್ಲಿರುವ ಈ ಊರು ಹೊಲಗಳ ನಡುವಿನ ಹಳ್ಳಿಯಾಗಿತ್ತು. ತೈಲ ನಿಗಮದ ಕಚೇರಿ, ಕಾಲೊನಿಗಳು ಬಂದವು. 2007ರಲ್ಲಿ ಹುಟ್ಟಿದ ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಇಲ್ಲೇ ಜಾಗವಾಯಿತು. ಪಕ್ಕದ ಮೊಟೇರಾದಲ್ಲಿ 1,32,000 ಜನ ಕೂರುವ ಕ್ರಿಕೆಟ್ ಮೈದಾನ ಎದ್ದಿತು. 2024ರ ಸೆಪ್ಟೆಂಬರಿನಲ್ಲಿ ಮೊಟೇರಾದಿಂದ ಗಾಂಧಿನಗರದ ಕಡೆಗೆ ಮೆಟ್ರೊ ಓಡತೊಡಗಿತು. ಈಗ ಹಳ್ಳಿ ಮಹಾನಗರದ ಹೊಟ್ಟೆಯೊಳಗಿದೆ.

ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡು ನಲವತ್ತಕ್ಕೆ. ಕರ್ಕಾಟಕ ವೃತ್ತ ಸ್ವಲ್ಪವೇ ಉತ್ತರಕ್ಕಿರುವುದರಿಂದ ಜೂನಿನ ನಡುಹಗಲಲ್ಲಿ ಮನುಷ್ಯನ ನೆರಳು ಅವನ ಕಾಲಬುಡದಲ್ಲೇ ಅಡಗಿಬಿಡುತ್ತದೆ. ರಾಯಚೂರು, ಕಲಬುರಗಿಯವರಿಗೆ ಈ ಬಿಸಿಲು ಹೊಸದಲ್ಲ. ಆದರೆ ಮರುಭೂಮಿಯ ಕಡೆಯಿಂದ ಬೀಸುವ ಲೂ ಎಂಬ ಬಿಸಿಗಾಳಿ ಬೇರೆಯೇ. ಕಾದ ರೊಟ್ಟಿಹಂಚಿಗೆ ಮುಖವೊಡ್ಡಿದ ಹಾಗೆ, ಗಾಳಿ ಬಂದಷ್ಟೂ ಸೆಕೆ. ಸ್ಕೂಟರಿನ ಹುಡುಗಿಯರು ಕಣ್ಣೆರಡನ್ನು ಬಿಟ್ಟು ಮುಖವಿಡೀ ದುಪಟ್ಟಾ ಸುತ್ತಿಕೊಳ್ಳುತ್ತಾರೆ. ಬಸ್ಸಿಗೆ ಕಾಯುವವರು ಮೆಟ್ರೊ ಕಂಬದ ನೆರಳಿನ ಪಟ್ಟಿಯೊಳಗೆ ಒಬ್ಬರ ಹಿಂದೊಬ್ಬರು ಸಾಲಾಗಿ ನಿಲ್ಲುತ್ತಾರೆ. ನೆರಳು ಸರಿದಂತೆ ಸಾಲೂ ಸರಿಯುತ್ತದೆ, ಕಲ್ಲಂಗಡಿ ಮಾರುವವನ ಗಾಡಿಯೂ. ಬೇವಿನ ಬುಡದಲ್ಲಿ ಒದ್ದೆ ಬಟ್ಟೆ ಸುತ್ತಿದ ಎರಡು ಮಡಕೆ, ಸರಪಳಿಗೆ ಕಟ್ಟಿದ ಲೋಟ. ದಾರಿಹೋಕರಿಗೆ ನೀರಿಡುವ ಈ ಪರಬ್‌ ಬಳಿ ಜಾತಿ, ಊರು ವಿಚಾರಿಸುವವರಿಲ್ಲ. ಇಡೀ ಮಧ್ಯಾಹ್ನ ಈ ಊರಿನಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಜಾಗ ಅದು.

ಬಿಸಿಲನ್ನು ಸಹಿಸುವುದು ಒಂದು, ಅದರಿಂದ ಸಾಯದೆ ಉಳಿಯುವುದು ಇನ್ನೊಂದು. 2010ರ ಮೇ ತಿಂಗಳ ಶಾಖದಲೆಯಲ್ಲಿ ಅಹಮದಾಬಾದಿನಲ್ಲಿ ಮಾಮೂಲಿಗಿಂತ 1,344 ಸಾವು ಹೆಚ್ಚಾದವೆಂದು ಸಂಶೋಧಕರು ಲೆಕ್ಕಹಾಕಿದರು. ಆ ದುಃಖದಿಂದಲೇ 2013ರಲ್ಲಿ ನಗರದ ಶಾಖ ಕ್ರಿಯಾ ಯೋಜನೆ ಹುಟ್ಟಿತು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು. ಉಷ್ಣಾಂಶ 43 ಡಿಗ್ರಿ ದಾಟಿದರೆ ಕಿತ್ತಳೆ ಎಚ್ಚರಿಕೆ, 45 ಮುಟ್ಟಿದರೆ ಕೆಂಪು. ಅಂಥ ದಿನ ಆಸ್ಪತ್ರೆಗಳು ಸಜ್ಜಾಗಬೇಕು, ಕೂಲಿಯವರ ಕೆಲಸದ ಹೊತ್ತು ಬದಲಾಗಬೇಕು, ನೀರಿನ ವ್ಯವಸ್ಥೆ ಹೆಚ್ಚಬೇಕು. 2016ರ ಮೇ 20ರಂದು ಪಾದರಸ 48 ಡಿಗ್ರಿಗೇ ಏರಿತ್ತು. ಎಚ್ಚರಿಕೆಯ ಬಣ್ಣ ಫೋನಿಗೆ ಬರುತ್ತದೆ ನಿಜ. ಆದರೆ ಹತ್ತಿರದ ಮರಕ್ಕೆ ಎಷ್ಟು ಹೆಜ್ಜೆ ಎಂಬುದೇ ಕಟ್ಟಡ ಕೂಲಿಯವನಿಗೆ ಬೇಕಾದ ಲೆಕ್ಕ. ಆ ಲೆಕ್ಕ ಇಲ್ಲಿ ವರ್ಷವರ್ಷ ತಪ್ಪುತ್ತಿದೆ. ರಸ್ತೆ ಅಗಲವಾದಲ್ಲೆಲ್ಲ ಮೊದಲು ಉರುಳುವುದು ಬೇವು.

ಈ ಸೀಮೆಯ ಹಳಬರು ನೆರಳಿಗಾಗಿ ನೆಲದೊಳಕ್ಕೇ ಇಳಿದಿದ್ದರು. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಅಡಾಲಜ್‌ನಲ್ಲಿ 1499ರ ಮೆಟ್ಟಿಲುಬಾವಿಯಿದೆ. ರಾಣಿ ರೂಡಾಬಾಯಿಯ ಹೆಸರು ಹೊತ್ತ ಆ ಬಾವಿ ಐದು ಅಂತಸ್ತು ಕೆಳಕ್ಕಿಳಿಯುತ್ತದೆ. ಮೂರು ಕಡೆಯಿಂದ ಬರುವ ಮೆಟ್ಟಿಲು, ಒಂದರ ಮೇಲೊಂದು ಕಂಬದ ಮಂಟಪ, ಗೋಡೆಯುದ್ದಕ್ಕೂ ಆನೆ, ಬಳ್ಳಿ, ಮಜ್ಜಿಗೆ ಕಡೆಯುವ ಹೆಣ್ಣು. ಒಂದೊಂದು ಅಂತಸ್ತು ಇಳಿದಂತೆ ಬೆಳಕು ಮೆತ್ತಗಾಗುತ್ತದೆ, ಕಲ್ಲು ತಣ್ಣಗಾಗುತ್ತದೆ, ಬೆವರು ಆರುತ್ತದೆ. ನೀರು ಹೊರುವ ಹೆಂಗಸರು, ದೂರದ ವ್ಯಾಪಾರಿಗಳು ಇಲ್ಲಿ ಕೂತು ಸುಖದುಃಖ ಹೇಳಿಕೊಂಡಿರಬೇಕು. ವಿಹಾರದ ತಾಣ, ನೀರಿನ ಮೂಲ, ಬಿಸಿಲಿನಿಂದ ಆಶ್ರಯ, ಮೂರನ್ನೂ ಒಂದೇ ಕಟ್ಟಡದಲ್ಲಿ ಕೊಟ್ಟ ಜಾಣತನ ಐನೂರು ವರ್ಷದ ಹಿಂದೆಯೇ ಇತ್ತು. ಈಗಿನ ನೀರು ನೆಲದ ಮೇಲೆ ಬರುತ್ತದೆ. ಗುಜರಾತಿನೊಳಗೆ 458 ಕಿಲೋಮೀಟರ್ ಹರಿಯುವ ನರ್ಮದಾ ಮುಖ್ಯ ಕಾಲುವೆ ಈ ಊರಿನ ಹತ್ತಿರವೇ ಸಾಗುತ್ತದೆ. ಸಂಜೆ ಸೇತುವೆಯ ಬಳಿ ಗಾಡಿ ನಿಲ್ಲಿಸಿ, ಮಕ್ಕಳ ಕೈ ಗಟ್ಟಿಯಾಗಿ ಹಿಡಿದು, ನೀರು ನೋಡಿ ಬರುವವರಿದ್ದಾರೆ.

ಏಳೂವರೆಯ ಮೇಲೆ ಊರು ಮತ್ತೆ ಹೊರಗೆ ಬರುತ್ತದೆ. ಮಕ್ಕಳ ಗಲಾಟೆ ಶುರುವಾಗುತ್ತದೆ. ಮಜ್ಜಿಗೆಯ ಛಾಸ್, ಸೋಂಪಿನ ವರಿಯಾಳಿ ಶರಬತ್ತು, ಐಸ್ ಗೋಲಾ ಅಂಗಡಿಗಳ ಮುಂದೆ ಸಂಸಾರಸಮೇತ ಜನ. ರಾತ್ರಿ ಹತ್ತಾದರೂ ಗೋಡೆಗಳು ಹಗಲಿನ ಕಾವನ್ನು ಕಕ್ಕುತ್ತಲೇ ಇರುತ್ತವೆ. ಗಾಮ್‌ತಳದವರು ಖಾಟ್ಲಾ, ಹಾಸಿಗೆ, ನೀರಿನ ತಂಬಿಗೆ ಹಿಡಿದು ಧಾಬಾಕ್ಕೆ, ಮಹಡಿಯ ಮೇಲಕ್ಕೆ, ಹತ್ತುತ್ತಾರೆ. ಒಂದು ಧಾಬಾದಿಂದ ಇನ್ನೊಂದಕ್ಕೆ ಮಾತು ಹರಿಯುತ್ತದೆ: ಯಾರ ಮನೆಯಲ್ಲಿ ಉಪ್ಪಿನಕಾಯಿ ಹಾಕಿದರು, ಮಾವಿನ ರಸಕ್ಕೆ ಕೇಸರ್ ಹಣ್ಣು ಎಲ್ಲಿ ಅಗ್ಗ.

ಜನವರಿ 14ರ ಉತ್ತರಾಯಣದಂದು ಇದೇ ಧಾಬಾ ಮೈದಾನವಾಗುತ್ತದೆ. ನಮ್ಮಲ್ಲಿ ಗಾಳಿಪಟಕ್ಕೆ ಆಷಾಢದ ಗಾಳಿ ಬೇಕು. ಇಲ್ಲಿ ಆಷಾಢ ಮಳೆಯ ಪಾಲು, ಪತಂಗಕ್ಕೆ ಚಳಿಗಾಲದ ತಿಳಿ ಆಕಾಶ. ಉಂಧಿಯು, ಜಿಲೇಬಿ, ಚಿಕ್ಕಿ ಎಲ್ಲ ಮೇಲಕ್ಕೇ ಬರುತ್ತವೆ. ದಾರ ಕಡಿದಾಗ "ಕಾಯ್ ಪೊ ಛೇ" ಎಂಬ ಕೂಗು ಓಣಿಯಿಂದ ಓಣಿಗೆ ಹಾರುತ್ತದೆ. ಆ ದಾರಕ್ಕೆ ಸಿಕ್ಕ ಹಕ್ಕಿಗಳನ್ನು ಎತ್ತಿ ಚಿಕಿತ್ಸೆ ಕೊಡಿಸಲು ಸರ್ಕಾರದ ಕರುಣಾ ಅಭಿಯಾನ, ಊರೂರಿನ ಸ್ವಯಂಸೇವಕರು ದುಡಿಯುತ್ತಾರೆ. ಸಂಜೆ, ಬೆಳಗ್ಗೆ ಹಕ್ಕಿ ಹಾರುವ ಹೊತ್ತಿಗಾದರೂ ದಾರ ಸುತ್ತಿಡುವ ಮನೆಗಳು ಹೆಚ್ಚಬೇಕು.

ಹೊಸ ಅಪಾರ್ಟ್‌ಮೆಂಟುಗಳಲ್ಲಿ ಧಾಬಾಕ್ಕೆ ಬೀಗ. ಮೇಲೆ ನೀರಿನ ಟ್ಯಾಂಕು, ಸೌರಫಲಕ, ಡಿಶ್ ಆಂಟೆನಾ. ಉತ್ತರಾಯಣದ ಎರಡು ದಿನ ತೆಗೆದ ಬೀಗ ಮತ್ತೆ ಬೀಳುತ್ತದೆ. ಏಸಿ ಇದ್ದವರಿಗೆ ಧಾಬಾದ ಕೊರತೆ ತಿಳಿಯುವುದಿಲ್ಲ. ಕೆಳಗಿನ ಒಂದೇ ಕೋಣೆಯಲ್ಲಿರುವ ಕಾವಲುಗಾರನ ಸಂಸಾರಕ್ಕೆ, ಕರೆಂಟು ಹೋದ ರಾತ್ರಿ ಎಲ್ಲರಿಗೂ, ತಿಳಿಯುತ್ತದೆ. ಒಂದು ಸೊಸೈಟಿಯ ಸಭೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಎದ್ದು ನಿಂತು ಹೇಳಿದರು: "ಮಹಡಿ ಎಲ್ಲರ ದುಡ್ಡಿನಲ್ಲಿ ಕಟ್ಟಿದ್ದಲ್ಲವೇ ಭಾಯ್? ಮಳೆ ಬರುವವರೆಗೆ ಕೀಲಿ ಕಾವಲುಗಾರನ ಹತ್ತಿರ ಇರಲಿ. ಅವನ ಮಕ್ಕಳೂ ಮಲಗಲಿ." ನೀರು ಸೋರುತ್ತದೆ, ಗಲಾಟೆಯಾಗುತ್ತದೆ, ಕಳ್ಳರು ಬರುತ್ತಾರೆ ಎಂದು ಒಂದಿಷ್ಟು ವಾದ ನಡೆಯಿತು. ಕೊನೆಗೆ ಕೀಲಿ ಕೊಟ್ಟರು, ಮಹಡಿಗೆ ಬಿಳಿ ಸುಣ್ಣ ಬಳಿಯುವುದಕ್ಕೂ ಒಪ್ಪಿದರು.